ಆಯಿಯ ಪಾನದಾನ

ಹುಮನಾಬಾದಿನ ನಮ್ಮ ಮನೆಯ ಮಾಡದಲ್ಲಿ ಒಂದು ಕಪ್ಪು ಡಬ್ಬಿ ಇದೆ. ಬಂದವರು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, "ಇದು ಬಿದರಿಯೇ? ಮತ್ತೆ ಬೆಳ್ಳಿ ಎಲ್ಲಿ?" ಎಂದು ಕೇಳುತ್ತಾರೆ. ಮುಚ್ಚಳದ ಮೇಲೆ ಬಳ್ಳಿ ಇದೆ, ಎಲೆ ಇದೆ, ನಡುವೆ ಒಂದು ದೊಡ್ಡ ಹೂವೂ ಇದೆ. ಆದರೆ ಎಲ್ಲವೂ ಬರೀ ತಗ್ಗು. ಬೆರಳಾಡಿಸಿದರೆ ಉಗುರಿಗೆ ತಾಗುತ್ತದೆ.

ಅದು ನನ್ನ ತವರಿನ ಪಾನದಾನ. ತವರು ಬಸವಕಲ್ಯಾಣ. ನಮ್ಮ ಮುತ್ಯಾ ನೌಕರಿಗೆ ಸೇರಿದಾಗ ಊರಿನ ಹೆಸರು ಬರೀ ಕಲ್ಯಾಣಿ, ನವಾಬರ ಜಾಗೀರು. ಕಾಗದಪತ್ರದ ಕೆಲಸ ಮಾಡಿಕೊಂಡಿದ್ದ ಮುತ್ಯಾನಿಗೆ ಯಾರೋ ಮೆಚ್ಚಿ ಕೊಟ್ಟದ್ದು ಈ ಡಬ್ಬಿ. ಆಯಿ ಅದರಲ್ಲಿ ಎಲೆ, ಅಡಿಕೆ, ಸುಣ್ಣ ಇಟ್ಟುಕೊಂಡು ಐವತ್ತು ವರ್ಷ ಬಾಳಿದಳು.

1972ರ ಬರ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಬಾವಿಗಳ ತಳ ಕಂಡಿತ್ತು. ರೇಷನ್ ಅಂಗಡಿಯ ಕೆಂಪು ಜೋಳಕ್ಕೆ ಸಾಲು ನಿಲ್ಲಬೇಕು. ಅದರ ರೊಟ್ಟಿ ತಟ್ಟಿದರೆ ಒಡೆದುಹೋಗುತ್ತಿತ್ತು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಆಯಿ ಪಡಸಾಲೆಯಲ್ಲಿ ಕುಳಿತು, ಡಬ್ಬಣದ ತುದಿಯಿಂದ ಮುಚ್ಚಳದ ಬೆಳ್ಳಿ ಎಬ್ಬಿಸುತ್ತಿದ್ದಳು. ಒಂದೊಂದೇ ಎಲೆ ಬಿಡಿಸಿಕೊಂಡು ಸೆರಗಿನ ಮೇಲೆ ಬೀಳುತ್ತಿತ್ತು. ನನಗೆ ಅಳು ಬಂತು.

"ಯಾಕ ಆಯಿ ಹಿಂಗ ಮಾಡ್ತಿ?"

"ಎಲಿ ಅಡಿಕಿ ಇಡಲಿಕ್ಕ ಡಬ್ಬಿ ಇದ್ರ ಸಾಕು ಯವ್ವಾ. ಹೂವಿಗಿ ಬೆಳ್ಳಿ ಇಲ್ಲಂದ್ರ ಎಲಿ ಕಹಿ ಆಗ್ತದೇನು?"

ಎಲ್ಲ ಸೇರಿ ಮೂರು ತೊಲೆಯೂ ಆಗಲಿಲ್ಲ. ಸರಾಫ ಕಿಟ್ಟ ಅಂಟಿದೆ ಎಂದು ಅದರಲ್ಲೂ ಸ್ವಲ್ಪ ಹಿಡಿದುಕೊಂಡ. ಆ ವಾರ ಮನೆಗೆ ಬಿಳಿ ಜೋಳ ಬಂತು.

ಮುಂದೆ ನಾನು ಮಾಸ್ತರಿಣಿಯಾದೆ. ಸಮಾಜ ಪಾಠದಲ್ಲಿ ಬಿದರಿಯ ಮಾತು ಬಂದಾಗ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಬೀದರಿನಾಗ ಬೆಳ್ಳಿ ಗಣಿ ಇತ್ತೇನ್ರಿ?" ಎಂದು ಕೇಳಿದಳು. "ಇಲ್ಲ, ಕೂಡು" ಎಂದೆ. ಕೂಡಿಸಿದ್ದು ಅವಳನ್ನು, ಪ್ರಶ್ನೆ ನನ್ನೊಳಗೆ ನಿಂತೇ ಇತ್ತು.

ನಮ್ಮ ನೆಲವನ್ನು ನೋಡಿ. ಹುಮನಾಬಾದಿನ ಸುತ್ತ ಬಾವಿ ತೋಡಿದರೆ ಮೊದಲು ಸಿಗುವುದು ಕೆಂಪು ಜಂಬಿಟ್ಟಿಗೆ ಕಲ್ಲು, ಅದರಡಿಗೆ ಜಿಗುಟು ಮಣ್ಣು, ಅದಕ್ಕೂ ಕೆಳಗೆ ಕರಿಕಲ್ಲು. ಈ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಭೂಮಿ ಬಿರಿದು ಉಕ್ಕಿ ಹರಿದ ಲಾವಾ. ಮುಂಬಯಿ ಕಡೆಯಿಂದ ನಮ್ಮ ಜಿಲ್ಲೆಯವರೆಗೂ ಅದರದೇ ಹಾಸು. ಮೇಲಿನ ಪದರ ಯುಗಯುಗಗಳ ಮಳೆಬಿಸಿಲಿಗೆ ಕೊಳೆತು, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದು ಕೆಂಪುಕಲ್ಲಾಯಿತು. ಬಸವಕಲ್ಯಾಣದ ದಕ್ಷಿಣಕ್ಕೆ ಬಾಕ್ಸೈಟ್ ಇದೆ. ತಾಮ್ರವಿಲ್ಲ, ಬೆಳ್ಳಿಯಿಲ್ಲ, ಸತುವಂತೂ ಇಲ್ಲವೇ ಇಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಮೇಣದ ಅಚ್ಚಿನಿಂದ ಲೋಹದ ಮೂರ್ತಿ ಎರಕ ಹೊಯ್ಯುವ ಬಗೆಯನ್ನು ಬರೆಸಿದ. ಅವನಿಗೂ ಲೋಹ ದೂರದಿಂದಲೇ ಬರಬೇಕಿತ್ತು.

ಬಿದರಿಯಲ್ಲಿ ಬೆಳ್ಳಿ ಬರೀ ಮೇಲಿನ ಅಲಂಕಾರ. ಪಾತ್ರೆಯ ಒಡಲು ಸತು. ಕುಶಲಿಗಳ ಬಾಯಲ್ಲಿ ಜಸ್ತ. ಹದಿನಾರು ಪಾಲು ಜಸ್ತಕ್ಕೆ ಒಂದು ಪಾಲಿನಷ್ಟು ತಾಮ್ರ. ಆ ಒಂದು ಪಾಲು ತಾಮ್ರ ಇಲ್ಲದಿದ್ದರೆ ಮೈಗೆ ಆ ಕಪ್ಪು ಹತ್ತುವುದಿಲ್ಲ.

ತಾಮ್ರದ ಗಣಿ ನಮ್ಮ ರಾಜ್ಯದಲ್ಲೇ ಇತ್ತು. ಚಿತ್ರದುರ್ಗದ ಹತ್ತಿರದ ಇಂಗಳದಾಳು. ಅಲ್ಲಿಯ ಬಂಡೆ ನಮ್ಮ ಕರಿಕಲ್ಲಿಗೆ ಮುತ್ತಜ್ಜಿಯ ಮುತ್ತಜ್ಜಿ. ಇನ್ನೂರೈವತ್ತು ಕೋಟಿ ವರ್ಷಗಳ ಹಿಂದಿನದು. ಆಗ ಅಲ್ಲಿ ಸಮುದ್ರವಿತ್ತು. ಲಾವಾ ನೀರಿನೊಳಗೆ ಉಕ್ಕಿ ತಲೆದಿಂಬಿನ ಆಕಾರದಲ್ಲಿ ಗಟ್ಟಿಯಾದದ್ದನ್ನು ಪಕ್ಕದ ಮರಡಿಹಳ್ಳಿಯಲ್ಲಿ ಇಂದಿಗೂ ನೋಡಬಹುದು. ಹಳಬರು ತೋಡಿದ ಗುಂಡಿಗಳ ಜಾಡು ಹಿಡಿದು ಕಳೆದ ಶತಮಾನದಲ್ಲಿ ಅಲ್ಲಿ ಗಣಿ ನಡೆಸಿದರು. ತಾಮ್ರ ತೆಗೆಯುವ ಕೆಲಸ ನಿಂತು ವರ್ಷಗಳಾದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಜಸ್ತದ ಕಥೆ. ಅದನ್ನು ಹುಡುಕುತ್ತ ಹೋದರೆ ರಾಜಸ್ಥಾನದ ಜಾವರ್‌ಗೆ ಮುಟ್ಟುತ್ತೇವೆ. ಉದಯಪುರ ನೋಡಲು ಹೋದಾಗ ಮನೆಯವರು ಸರೋವರದ ಅರಮನೆಗೆ ಹೊರಟರೆ ನಾನು ಹಟ ಮಾಡಿ ಎಲ್ಲರನ್ನೂ ಜೀಪಿನಲ್ಲಿ ನಲವತ್ತು ಕಿಲೋಮೀಟರ್ ದಕ್ಷಿಣಕ್ಕೆ ಕರೆದೊಯ್ದೆ. ಒಣ ಅರಾವಳಿ ಗುಡ್ಡಗಳು, ಪಾಳುಬಿದ್ದ ಗುಡಿಗಳು. ದಾರಿ ಬದಿಯ ಗೋಡೆಗಳನ್ನು ಕಂಡು ನಮ್ಮವರೇ, "ಇವರೇನು ಬದನೆಕಾಯಿ ಪೇರಿಸಿ ಗೋಡೆ ಕಟ್ಟಿದ್ದಾರೆ!" ಎಂದು ನಕ್ಕರು.

ಅವು ಮಣ್ಣಿನ ಮೂಸೆಗಳು. ಆಕಾರ ನಿಜಕ್ಕೂ ಬದನೆಕಾಯಿಯದು, ತೊಟ್ಟಿನ ಜಾಗದಲ್ಲಿ ಉದ್ದ ಕೊಳವೆ. ಸತು ತೆಗೆಯುವುದು ತಾಮ್ರ ಕರಗಿಸಿದಷ್ಟು ಸುಲಭವಲ್ಲ. 907 ಡಿಗ್ರಿಗೆ ಅದು ಕುದಿದು ಆವಿಯಾಗುತ್ತದೆ. ಅದಿರು ಬಿಟ್ಟುಕೊಡಬೇಕಾದರೆ ಅದಕ್ಕೂ ಹೆಚ್ಚು ಕಾವು ಬೇಕು. ಹೊರಬಂದ ಆವಿಗೆ ಗಾಳಿ ಸೋಕಿತೋ, ಉರಿದು ಬಿಳಿ ಬೂದಿ. ಅಂದರೆ ಒಲೆಯ ಮೇಲಿನ ಹಾಲು ಪಾತ್ರೆಯೊಳಗೆ ಉಳಿಯುವುದೇ ಇಲ್ಲ! ಜಾವರಿನವರು ಪಾತ್ರೆಯನ್ನೇ ತಲೆಕೆಳಗು ಮಾಡಿದರು. ಅದಿರಿನ ಉಂಡೆಗಳನ್ನು ಮೂಸೆಗೆ ತುಂಬಿ, ಬೀಳದಂತೆ ಬಾಯಿಗೆ ಒಂದು ಕಡ್ಡಿ ಚುಚ್ಚಿ, ತೂತಿನ ಹಲಗೆಯಲ್ಲಿ ಬೋರಲು ನಿಲ್ಲಿಸಿದರು. ಒಂದು ಕುಲುಮೆಗೆ ಮೂವತ್ತಾರು. ಮೇಲೆ ಬೆಂಕಿ, ಕೆಳಗೆ ತಂಪು ಕೋಣೆ. ಕಡ್ಡಿ ಸುಟ್ಟುಹೋಗಿ ದಾರಿ ಬಿಡುತ್ತದೆ, ಆವಿ ಕೆಳಗಿಳಿದು ತಣಿದು ಹನಿಹನಿಯಾಗಿ ಗಡಿಗೆಗೆ ಬೀಳುತ್ತದೆ. ಮೂಸೆ ಒಂದೇ ಸಲದ ಬಳಕೆಗೆ. ಸುಟ್ಟ ಮೂಸೆಗಳು ಗುಡ್ಡೆಗುಡ್ಡೆಯಾದವು. ಊರವರು ಅವನ್ನು ಇಟ್ಟಿಗೆಯ ಬದಲು ಬಳಸಿದರು.

ಅಲ್ಲಿಯ ಗಣಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಮೊದಮೊದಲು ಬೇಕಾಗಿದ್ದುದು ಸೀಸ, ಮತ್ತು ಅದರೊಳಗೆ ಅಡಗಿರುವ ಬೆಳ್ಳಿ. ಬಂಡೆಗೆ ಬೆಂಕಿ ಹಚ್ಚಿ, ಕಾಯಿಸಿ, ಬಿರುಕುಬಿಟ್ಟ ಮೇಲೆ ಒಡೆಯುತ್ತಿದ್ದರು. ಆ ಹೊಗೆಯಲ್ಲಿ ಇಳಿದವರು ಯಾರು, ಸಾವಿರಾರು ಮೂಸೆಗಳನ್ನು ತಿದ್ದಿದ ಕೈಗಳು ಯಾರವು? ಮಣ್ಣು ಕಲಸಿ ಉಂಡೆ ಕಟ್ಟುವ ಕೆಲಸ ಎಂದ ಮೇಲೆ ಅದರಲ್ಲಿ ಹೆಂಗಸರಿರಲಿಲ್ಲ ಎಂದರೆ ನಾನು ಒಪ್ಪಲಾರೆ. ಸತುವಿನ ಕೆಲಸ ಜೋರಾಗಿ ನಡೆದದ್ದು 14ನೆಯ ಶತಮಾನದಿಂದ 18ನೆಯ ಶತಮಾನದವರೆಗೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಎಂಬಾತ ಇಂಥದೇ, ಆವಿಯನ್ನು ಕೆಳಗಿಳಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ.

ಆಮೇಲೆ ಮೇವಾಡಕ್ಕೆ ಕೆಟ್ಟ ಕಾಲ ಬಂತು. ಮರಾಠರ ದಾಳಿಗಳು ಸಾಲುಸಾಲಾಗಿ. ಅದರ ಮೇಲೆ 1812ರ ಬರ. ಕುಲುಮೆಗಳು ಆರಿದವು, ಜನ ಊರು ಬಿಟ್ಟರು. ನೂರು ವರ್ಷಕ್ಕೂ ಹೆಚ್ಚು ಕಾಲ ಜಾವರ್ ಬಾಯಿಬಿಟ್ಟ ಗುಹೆಗಳ ಗುಡ್ಡ. ಸತುವನ್ನು ಭಟ್ಟಿ ಇಳಿಸಲು ಕಲಿತಿದ್ದ ದೇಶ ಅದನ್ನು ಹಡಗಿನಲ್ಲಿ ಹೊರಗಿನಿಂದ ತರಿಸಿಕೊಂಡಿತು. 1960ರ ದಶಕದ ಕೊನೆಯವರೆಗೆ ನಮ್ಮಲ್ಲಿ ಸತುವಿನ ಕಾರ್ಖಾನೆಯೇ ಇರಲಿಲ್ಲ. ಲೆಕ್ಕ ಹಾಕಿದರೆ, ಮುತ್ಯಾನ ಡಬ್ಬಿಯ ಜಸ್ತ ಜಾವರಿನದ್ದಲ್ಲ. ಸಮುದ್ರ ದಾಟಿ ಬಂದದ್ದೇ ಇರಬೇಕು. ಈಗ ಜಾವರಿನಲ್ಲಿ ಮತ್ತೆ ಗಣಿ ನಡೆಯುತ್ತಿದೆ, ಹಿಂದೂಸ್ತಾನ್ ಜಿಂಕ್‌ನವರದು. 1983ರಲ್ಲಿ ಬರೋಡದ ವಿಶ್ವವಿದ್ಯಾಲಯದವರು, ಬ್ರಿಟಿಷ್ ಮ್ಯೂಸಿಯಂನವರು ಅವರೊಡನೆ ಕೂಡಿ ಅಗೆದಾಗ, ಮೂಸೆಗಳು ಜೋಡಿಸಿದಂತೆಯೇ ನಿಂತಿದ್ದ ಕುಲುಮೆಗಳು ಮಣ್ಣಿನಡಿಯಿಂದ ಎದ್ದವು.

ಉದಯಪುರದಿಂದ ಬಂದವಳು ಡಬ್ಬಿ ತೆಗೆದುಕೊಂಡು ಬೀದರಿಗೆ ಹೋದೆ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀಯೂ ಬಂತು. ನಾನು ಹೋದದ್ದು ಓಣಿಯೊಳಗಿನ ಒಂದು ಸಣ್ಣ ಕಾರಖಾನೆಗೆ. ವಯಸ್ಸಾದ ಕುಶಲಿ ತಗ್ಗುಗಳನ್ನು ಬೆಳಕಿಗೆ ಹಿಡಿದು ನೋಡಿ, "ಯಾರು ತೆಗೆದದ್ದು ಬೆಹೆನ್‌ಜೀ? ಕೈ ಹಗುರ ಅದ, ಎಲ್ಲೂ ಗೀಚಿಲ್ಲ" ಎಂದರು. ಬೆಳ್ಳಿ ತುಂಬಲು ಹೇಳಿದ ಹಣ ನನ್ನ ಪಿಂಚಣಿಯನ್ನು ಮೀರಿತು. ಕಪ್ಪು ಮಾತ್ರ ಮರಳಿಸಿಕೊಡಲು ಕೇಳಿಕೊಂಡೆ.

ಕಪ್ಪಿಗೆ ಬೇಕಾದದ್ದು ನಮ್ಮ ನೆಲದ್ದೇ. ಬೀದರ ಕೋಟೆಯೊಳಗೆ ಮಳೆ ಬಿಸಿಲು ತಾಗದ ಹಳೆಯ ಜಾಗಗಳ ಮಣ್ಣು. ಅವರು ಒಂದು ಚಿಟಿಕೆ ನಾಲಗೆಗಿಟ್ಟು ನೋಡಿ ತಲೆಯಾಡಿಸಿದರು. ಅದಕ್ಕೆ ನವಸಾಗರ, ನೀರು ಸೇರಿಸಿ ಕಲಸಿ, ಡಬ್ಬಿ ಬಿಸಿ ಮಾಡಿ ಮೆತ್ತಿ ಉಜ್ಜಿದರು. ತೊಳೆದಾಗ ಮಾಸಲು ಬೂದಿಬಣ್ಣ ಹೋಗಿ ಕಾಡಿಗೆಯಂಥ ಕಪ್ಪು ಬಂದಿತ್ತು. ಮುಚ್ಚಳದ ಅಂಚಿನಲ್ಲಿ, ಹಿಡಿಕೆಯ ಅಡಿಗೆ, ಒಂದು ಎಲೆ ಹೊಳೆಯಿತು. ಆಯಿಯ ಡಬ್ಬಣಕ್ಕೆ ಸಿಗದ ಜಾಗ. ಅಲ್ಲಿಯವರೆಗೆ ನಾನೂ ಕಂಡಿರಲಿಲ್ಲ.

ಡಬ್ಬಿ ಮತ್ತೆ ಮಾಡದಲ್ಲಿದೆ. ಅಡಿಕೆ, ಲವಂಗ ಹಾಕಿಟ್ಟಿದ್ದೇನೆ. ಬಂದರೆ ಕೇಳಿ, ಎಲೆ ಮಡಿಚಿ ಕೊಡುತ್ತೇನೆ.