ಕಡಿದದ್ದು ತಿಳಿಯುವುದೇ ಕಷ್ಟ: ಈಥರ್ನೆಟ್ ರಿಂಗ್‌ಗಳ ನಾಲ್ಕು ದಶಕ

ರಸ್ತೆ ಅಗಲಿಸುವ ಜೆಸಿಬಿಗೆ ಸಿಕ್ಕಿ ಫೈಬರ್ ತುಂಡಾಗುವುದು ನಮ್ಮಲ್ಲಿ ಹೊಸ ಸುದ್ದಿಯೇನಲ್ಲ. ಅದಕ್ಕೇ ಸ್ವಿಚ್‌ಗಳನ್ನು ಸಾಲಾಗಿ ಬಿಡದೆ ರಿಂಗ್ ಮಾಡುತ್ತಾರೆ. ಒಂದು ಕಡೆ ಕಡಿದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರಲಿ ಎಂದು. ಆದರೆ ಈಥರ್ನೆಟ್‌ಗೂ ರಿಂಗ್‌ಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಐಪಿ ಪ್ಯಾಕೆಟ್‌ಗೆ ಇಷ್ಟೇ ಹೆಜ್ಜೆ ಎಂಬ ಆಯುಸ್ಸಿದೆ, ಈಥರ್ನೆಟ್ ಫ್ರೇಮ್‌ಗೆ ಅದಿಲ್ಲ. ಒಮ್ಮೆ ಹೊಕ್ಕ ಬ್ರಾಡ್‌ಕಾಸ್ಟ್ ಸುತ್ತುತ್ತಲೇ ಇರುತ್ತದೆ, ಬೆನ್ನಿಗೆ ಬಂದವೂ ಸೇರಿಕೊಂಡು ಜಾಲವೇ ಮುಳುಗುತ್ತದೆ. ಹಾಗಾಗಿ ಎಲ್ಲ ಸರಿಯಿರುವಾಗ ಒಂದು ಪೋರ್ಟನ್ನು ಮುಚ್ಚಿಡಬೇಕು, ಎಲ್ಲಾದರೂ ಕಡಿದಾಗ ಅದನ್ನು ತೆರೆಯಬೇಕು. ತೆರೆಯುವುದು ದೊಡ್ಡ ಕೆಲಸವಲ್ಲ. ಕಡಿದಿದೆ ಎಂದು ಬೇಗ, ಖಚಿತವಾಗಿ ತಿಳಿಯುವುದೇ ದೊಡ್ಡದು.

ಮೊದಲ ಪರಿಹಾರ ರಿಂಗ್‌ಗೆಂದೇ ಹುಟ್ಟಿದ್ದಲ್ಲ. 1985ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಯಾವ ಆಕಾರದ ಜಾಲಕ್ಕೂ ಒಗ್ಗುತ್ತದೆ. 1990ರಲ್ಲಿ ಅದು ಐಇಇಇ 802.1ಡಿ ಮಾನಕವಾಯಿತು. 2 ಸೆಕೆಂಡಿಗೊಮ್ಮೆ ಬರಬೇಕಾದ ಸಂದೇಶ 20 ಸೆಕೆಂಡ್ ಬಾರದಿದ್ದರೆ ಏನೋ ಆಗಿದೆ ಎಂದು ಲೆಕ್ಕ. ಆಮೇಲೆ ಪೋರ್ಟ್ ತೆರೆಯುವ ಮುನ್ನ 15 ಸೆಕೆಂಡಿನ ಎರಡು ಕಾಯುವಿಕೆ. ಒಟ್ಟು 50 ಸೆಕೆಂಡ್. 2001ರ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಇದನ್ನು ಬಹಳ ತಗ್ಗಿಸಿತು. ಆಫೀಸಿಗೆ ಅಷ್ಟು ಸಾಕು. ಆದರೆ ಎಸ್‌ಡಿಎಚ್ ಎಂಬ ಹಳೆಯ ಟೆಲಿಕಾಂ ತಂತ್ರಜ್ಞಾನದ ರಿಂಗ್‌ಗಳಲ್ಲಿ 50 ಮಿಲಿಸೆಕೆಂಡಿನ ಚೇತರಿಕೆಗೆ ಒಗ್ಗಿಹೋಗಿದ್ದ ಟೆಲಿಕಾಂನವರು ಒಪ್ಪುವ ಮಾತಲ್ಲ.

ಆಕಾರ ರಿಂಗೇ ಎಂದು ಮೊದಲೇ ಗೊತ್ತಿದ್ದರೆ ಟ್ರೀ ಕಟ್ಟುವ ಲೆಕ್ಕವೇ ಬೇಡವಲ್ಲ? ಜರ್ಮನಿಯ ಹಿರ್ಷ್‌ಮನ್ ಕಾರ್ಖಾನೆಗಳಿಗಾಗಿ ತಂದ ಹೈಪರ್-ರಿಂಗ್, ಎಕ್ಸ್‌ಟ್ರೀಮ್ ನೆಟ್‌ವರ್ಕ್ಸ್‌ನ ಇಎಪಿಎಸ್ ಎರಡೂ ಹೊರಟಿದ್ದು ಇಲ್ಲಿಂದಲೇ. ಇಎಪಿಎಸ್‌ನ ವಿವರ 2003ರಲ್ಲಿ ಆರ್‌ಎಫ್‌ಸಿ 3619 ಆಗಿ ಪ್ರಕಟವಾಯಿತು. ಅದರಲ್ಲಿ ಯಜಮಾನ ಸ್ವಿಚ್ ಒಂದು ಪೋರ್ಟಿನಿಂದ ಪರೀಕ್ಷಾ ಫ್ರೇಮ್ ಬಿಡುತ್ತದೆ. ಅದು ಸುತ್ತಿ ಇನ್ನೊಂದು ಪೋರ್ಟಿಗೆ ಬಂದರೆ ರಿಂಗ್ ಸರಿಯಿದೆ ಎಂದರ್ಥ. ಜೊತೆಗೆ ಲಿಂಕ್ ಹೋದ ಸ್ವಿಚ್ ತಾನಾಗಿಯೇ ಯಜಮಾನನಿಗೆ ಸುದ್ದಿ ಕಳಿಸುತ್ತದೆ. ಹಿರ್ಷ್‌ಮನ್ ಹಾಕಿದ ದಾರಿ ಮುಂದೆ ಐಇಸಿ 62439ರಲ್ಲಿ ಎಂಆರ್‌ಪಿ ಎಂಬ ಮಾನಕವಾಯಿತು. 50 ಸ್ವಿಚ್‌ಗಳ ರಿಂಗ್ 200 ಮಿಲಿಸೆಕೆಂಡಿನಲ್ಲಿ ಚೇತರಿಸಿಕೊಳ್ಳುವ ಬಗೆಯೂ ಅದರಲ್ಲಿದೆ. ಇದೇ ಹೊತ್ತಿಗೆ, 2004ರಲ್ಲಿ ಬಂದ ಐಇಇಇ 802.17 ಎಂಬ ರಿಂಗ್ ಮಾನಕ ಈಥರ್ನೆಟ್ ಅಲ್ಲದ ಹೊಸ ಯಂತ್ರಾಂಶವನ್ನೇ ಕೇಳಿತು. ಅಗ್ಗದ ಈಥರ್ನೆಟ್ ಮುಂದೆ ನಿಲ್ಲಲಿಲ್ಲ.

ಪರೀಕ್ಷಾ ಫ್ರೇಮ್‌ನಲ್ಲಿ ಒಂದು ಅಪಾಯ ಅಡಗಿದೆ. ಅದು ವಾಪಸ್ ಬರಲಿಲ್ಲ ಎಂದರೆ ಫೈಬರ್ ಕಡಿದಿದೆ ಎಂದೇ ಅಲ್ಲ. ದಾರಿಯ ಯಾವುದೋ ಸ್ವಿಚ್‌ನ ಪ್ರೊಸೆಸರ್ ಏದುಸಿರು ಬಿಡುತ್ತಿರಬಹುದು. ಆಗ ಯಜಮಾನ ಪೋರ್ಟ್ ತೆರೆದರೆ ಇಲ್ಲದ ದೋಷಕ್ಕೆ ಮದ್ದು ಹಾಕಿ ನಿಜವಾದ ಲೂಪನ್ನೇ ತಂದಂತೆ. ಹೀಗಾಗಿಯೇ ಇಎಪಿಎಸ್ ಸ್ವಿಚ್‌ಗಳಿಗೆ, ಗಡುವು ಮೀರಿದರೂ ಪೋರ್ಟ್ ತೆರೆಯದೆ ಎಚ್ಚರಿಕೆ ಮಾತ್ರ ಕೊಡುವ ಆಯ್ಕೆ ಬಂತು.

2008ರಲ್ಲಿ ಐಟಿಯು-ಟಿ ತಂದ ಜಿ.8032 ಮಾನಕ ಕಾಯುವ ಕೆಲಸವನ್ನು ಯಜಮಾನನಿಂದ ಕಿತ್ತು ಸುದ್ದಿ ಮುಟ್ಟಿಸುವ ಹೊಣೆಯನ್ನು ನೆರೆಯವರಿಗೆ ಕೊಟ್ಟಿತು. ನನ್ನ ಮಟ್ಟಿಗೆ ಈ ಕಥೆಯ ಅತ್ಯುತ್ತಮ ತಿರುವು ಇದು. ಕಡಿತದ ಎರಡೂ ಬದಿಯ ಸ್ವಿಚ್‌ಗಳು ಮೊದಲು ಆ ಪೋರ್ಟನ್ನು ತಾವೇ ಮುಚ್ಚುತ್ತವೆ. ಆಮೇಲೆ ಆರ್-ಎಪಿಎಸ್ ಎಂಬ ಸಂದೇಶವನ್ನು ಬೆನ್ನುಬೆನ್ನಿಗೆ ಮೂರು ಬಾರಿ ಬಿಡುತ್ತವೆ, ಒಂದೆರಡು ಕಳೆದುಹೋದರೂ ತಲುಪಲಿ ಎಂದು. ಮುಚ್ಚಿದ್ದ ಲಿಂಕಿನ ಒಡೆಯ ಸ್ವಿಚ್ ಅದನ್ನು ತೆರೆಯುತ್ತದೆ. ಯಾವ ವಿಳಾಸ ಯಾವ ಪೋರ್ಟಿನಲ್ಲಿ ಎಂಬ ಹಳೆಯ ಪಟ್ಟಿಯನ್ನು ಎಲ್ಲ ಸ್ವಿಚ್‌ಗಳೂ ಅಳಿಸುತ್ತವೆ. 16ಕ್ಕಿಂತ ಕಡಿಮೆ ಸ್ವಿಚ್‌ಗಳ, 1200 ಕಿ.ಮೀ. ಒಳಗಿನ ರಿಂಗ್‌ನಲ್ಲಿ ಇದಕ್ಕೆ 50 ಮಿಲಿಸೆಕೆಂಡ್ ಗುರಿ. ಫೈಬರ್ ಬೆಸೆದ ಕೂಡಲೇ ಹಳೆಯ ದಾರಿಗೆ ಮರಳುವುದಿಲ್ಲ. ಮೊದಲಿನ ಸಂದೇಶಗಳು ಇನ್ನೂ ಸುತ್ತುತ್ತಿದ್ದರೆ ಮೋಸಹೋಗದಂತೆ 500 ಮಿಲಿಸೆಕೆಂಡಿನ ಕಾವಲು, ಆಮೇಲೆ ಸಾಮಾನ್ಯವಾಗಿ 5 ನಿಮಿಷದ ಕಾಯುವಿಕೆ. ಅರ್ಧಂಬರ್ಧ ಬೆಸೆದ ಫೈಬರ್ ಬಂದುಹೋಗಿ ಮಾಡುವುದನ್ನು ಕಂಡವರಿಗೆ ಈ ತಾಳ್ಮೆಯ ಬೆಲೆ ಗೊತ್ತು.

ವಿದ್ಯುತ್ ಸಬ್‌ಸ್ಟೇಷನ್‌ಗಳಿಗೆ 50 ಮಿಲಿಸೆಕೆಂಡೂ ಹೆಚ್ಚು. ಐಇಸಿ 62439-3ರ ಎಚ್‌ಎಸ್‌ಆರ್ ಕಡಿತ ತಿಳಿಯುವ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು: ಪ್ರತಿ ಫ್ರೇಮನ್ನೂ ಎರಡೂ ದಿಕ್ಕಿಗೆ ಕಳಿಸು, ಮೊದಲು ಬಂದದ್ದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆ. ಕಡಿದರೂ ವಿರಾಮ ಸೊನ್ನೆ. ಆದರೆ ಹೆಚ್ಚುಕಡಿಮೆ ಅರ್ಧ ಬ್ಯಾಂಡ್‌ವಿಡ್ತ್ ಅದಕ್ಕೇ ಹೋಗುತ್ತದೆ, ವಿಶೇಷ ಯಂತ್ರಾಂಶವೂ ಬೇಕು.

ಉಳಿದ ತಲೆನೋವು ಅರೆಜೀವದ ಲಿಂಕ್‌ಗಳದು. ನಡುವೆ ಮೀಡಿಯಾ ಕನ್ವರ್ಟರ್ ಇದ್ದರೆ ಅದರಾಚೆ ಫೈಬರ್ ತುಂಡಾದರೂ ಸ್ವಿಚ್‌ನ ದೀಪ ಉರಿಯುತ್ತಲೇ ಇರಬಹುದು. ಇದನ್ನು ಹಿಡಿಯಲು ಐಟಿಯು-ಟಿಯದೇ ವೈ.1731 ಮಾನಕದ ತಪಾಸಣಾ ಫ್ರೇಮ್‌ಗಳಿವೆ, 3.33 ಮಿಲಿಸೆಕೆಂಡಿಗೊಮ್ಮೆ ಕಳಿಸಿದರೆ ದೋಷ ಹತ್ತು-ಹನ್ನೆರಡು ಮಿಲಿಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಎಷ್ಟೋ ಕಡೆ ಅವನ್ನು ಆನ್ ಮಾಡಿರುವುದೇ ಇಲ್ಲ. ರಿಂಗ್ ಒಪ್ಪಿಸಿಕೊಳ್ಳುವ ದಿನ ಗುತ್ತಿಗೆದಾರ ಇಡೀ ಕೇಬಲ್ ಕಿತ್ತು 50 ಮಿಲಿಸೆಕೆಂಡ್ ತೋರಿಸಿದರೆ ಅಷ್ಟಕ್ಕೇ ಸಹಿ ಹಾಕಬೇಡಿ. ಜೋಡಿ ಫೈಬರ್‌ನಲ್ಲಿ ಒಂದೇ ಎಳೆಯನ್ನು, ಅದೂ ಕನ್ವರ್ಟರ್‌ನ ಆಚೆ ಬದಿಯಲ್ಲಿ, ಕೀಳಿಸಿ ನೋಡಿ.