ಕತ್ತಲ ರಾತ್ರಿ: ರಿವಾಯತ ಪದಗಳಲ್ಲಿ ಕೇಳುಗನ ಸ್ಥಾನ

2017ರಲ್ಲಿ ಮೆಕ್ಸಿಕೊದ ನಿರ್ದೇಶಕ ಅಲೆಹಾಂದ್ರೊ ಇನ್ಯಾರಿತು ‘ಕಾರ್ನೆ ಇ ಅರೆನಾ’ ಎಂಬ ವರ್ಚುವಲ್ ರಿಯಾಲಿಟಿ ಕೃತಿಯನ್ನು ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ನೋಡುಗ ಪಾದರಕ್ಷೆ ಕಳಚಿ ಮರಳ ಮೇಲೆ ನಿಂತು, ಗಡಿ ದಾಟುವ ವಲಸಿಗರ ನಡುವೆ ಸುಮಾರು ಆರೂವರೆ ನಿಮಿಷ ಇರುತ್ತಾನೆ. ಒಂದು ಸಲಕ್ಕೆ ಒಬ್ಬನೇ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮೊಹರಂ ಕಂಡವರಿಗೆ ಬರಿಗಾಲು ಹೊಸದಲ್ಲ. ಆ ‘ಒಬ್ಬನೇ’ ಮಾತ್ರ ವಿಚಿತ್ರ.

ಇಲ್ಲಿನ ಕತೆಯೂ ಊರು ಬಿಟ್ಟವರದೇ. ಖಲೀಫ ಯಜೀದನಿಗೆ ನಿಷ್ಠೆ ಒಪ್ಪಿಸದ, ಪ್ರವಾದಿಯ ಮೊಮ್ಮಗ ಹುಸೇನರು ಮದೀನಾ ತೊರೆದು, ಮಕ್ಕಾದಿಂದ ಕೂಫಾದ ದಾರಿ ಹಿಡಿದು, ಹಿಜರಿ 61ರ ಮೊಹರಂ 10ರಂದು, ಅಂದರೆ ಕ್ರಿ.ಶ. 680ರಲ್ಲಿ, ಕರ್ಬಲಾದಲ್ಲಿ ಮಡಿದರು. ಇದನ್ನು ಕನ್ನಡದಲ್ಲಿ ಹಾಡುವ ಪದವೇ ರಿವಾಯತ. ಅರಬ್ಬಿಯಲ್ಲಿ ಈ ಶಬ್ದಕ್ಕೆ ಬಾಯಿಂದ ಬಾಯಿಗೆ ದಾಟಿ ಬಂದ ವರದಿ ಎಂದರ್ಥ. ವರದಿ ಕೇಳುವವನು ಹೊರಗಿನವನು. ಆದರೆ ಹುಸೇನರ ಅಣ್ಣನ ಮಗ ಖಾಸೀಮನ ಮದುವೆಯ ಪದ ಎದ್ದಾಗ ಮೇಳದ ಸುತ್ತ ನಿಂತವರು ಹೊರಗಿನವರಾಗಿ ಉಳಿಯುವುದಿಲ್ಲ, ಬೀಗರಾಗುತ್ತಾರೆ. ಮದುಮಗ ರಣಕ್ಕೆ ಹೊರಟರೆ ಸೂತಕ ಅವರ ಮನೆಯದೇ. ಹಿಂದೂ ಮನೆಗಳಲ್ಲೂ ಹುಸೇನಪ್ಪ, ಮೌಲಪ್ಪ, ಫಕೀರಪ್ಪ ಎಂಬ ಹೆಸರುಗಳಿರುವಾಗ ಈ ನಂಟನ್ನು ಬರಿಯ ರೂಪಕ ಎನ್ನಲಾಗದು.

‘ಕತಲ್’ ಎಂದರೆ ಕೊಲೆ. ಮೊಹರಂನ ಕತಲ್ ರಾತ್ರಿ ಜನರ ಬಾಯಲ್ಲಿ ‘ಕತ್ತಲ ರಾತ್ರಿ’. ಅಪಭ್ರಂಶವೆಂದು ತಳ್ಳಿಹಾಕುವ ವಿದ್ವಾಂಸರಿದ್ದಾರು. ನನಗದು ಒಳ್ಳೆಯ ಅನುವಾದವಾಗಿಯೇ ಕೇಳಿಸುತ್ತದೆ. ಕೊಲೆ ನಡೆದದ್ದು ದೂರದ ಇರಾಕಿನಲ್ಲಿ, ಕತ್ತಲು ಕವಿದದ್ದು ಇಲ್ಲಿ, ಅಲಾಯಿ ಕುಣಿಯ ಸುತ್ತ.

ಆ ಕುಣಿಯನ್ನು ಹತ್ತಿರದಿಂದ ನೋಡಬೇಕು. ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಗುದ್ದಲಿ ಬೀಳುತ್ತದೆ, ಹೋದ ವರ್ಷದ ಜಾಗದಲ್ಲೇ. ಮೇಲಿನ ಮಣ್ಣು ಸರಿದರೆ ಹಳೆಯ ಬೂದಿ, ಇದ್ದಿಲ ಚೂರು. ಅದೇ ಕುಣಿಯಲ್ಲಿ ಮತ್ತೆ ಬೆಂಕಿ. ಅದರ ಸುತ್ತ ಹೆಜ್ಜೆಮೇಳ, ಹಲಗೆಯ ಪೆಟ್ಟು, ಕೈಯಾಕಾರದ ಪಂಜಾ ಹೊತ್ತವರ ಓಟ. ಹುಲಿವೇಷವೂ ಉಂಟು, ನಗೆಚಾಟಿಕೆಯೂ ಉಂಟು. ಇದು ಶೋಕವೇ ಅಲ್ಲ ಎನ್ನುವವರು ನಮ್ಮ ಕಡೆಯ ಸಾವಿನ ಮನೆಯ ಭಜನೆ, ಹಲಗೆ ಕೇಳಿದವರಲ್ಲ.

ಕೊನೆಯ ದಿನ ಈ ಪಂಜಾ ದೇವರು ಹೊಳೆಗೆ ಹೋಗುತ್ತವೆ. ಭೀಮೆಯ ದಂಡೆಯ ಊರುಗಳಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ: ಕತೆಯಲ್ಲಿ ಯುಫ್ರಟಿಸ್ ಪಕ್ಕದಲ್ಲೇ ಹರಿಯುತ್ತಿದ್ದರೂ ಹುಸೇನರ ಬಿಡಾರಕ್ಕೆ ನೀರು ತಡೆದರು. ಇಲ್ಲಿ ಊರಿಗೆ ಊರೇ ಅವರನ್ನು ನೀರಿನ ತನಕ ಕರೆದೊಯ್ಯುತ್ತದೆ. ಮರಳಿ ಬಂದವರು ಪಂಜಾಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಾರೆ. ಕುಣಿಗೆ ಮಣ್ಣು ಎಳೆಯುತ್ತಾರೆ, ಬೂದಿಯನ್ನು ಒಳಗೇ ಬಿಟ್ಟು.