ಕೇಳುಗನ ಆಯ್ಕೆಯೋ, ಸಾಧನದ ಕೊರತೆಯೋ? ಬೆಂಗಳೂರಿನ ಹೊರವಲಯದಲ್ಲಿ ಎಫ್‌ಎಂ ಶ್ರವಣ

ಅಗ್ಗದ ಕ್ಯಾಸೆಟ್ಟು ದೊಡ್ಡ ಕಂಪನಿಗಳ ಹಿಡಿತ ಸಡಿಲಿಸಿ ಪ್ರಾದೇಶಿಕ ಸಂಗೀತಕ್ಕೆ ಮಾರುಕಟ್ಟೆ ತೆರೆಯಿತೆಂದು ಪೀಟರ್ ಮ್ಯಾನ್ಯುಯಲ್ ತಮ್ಮ 'ಕ್ಯಾಸೆಟ್ ಕಲ್ಚರ್' (1993) ಗ್ರಂಥದಲ್ಲಿ ಉತ್ತರ ಭಾರತವನ್ನು ಮುಂದಿಟ್ಟು ವಾದಿಸಿದರು. ಕನ್ನಡದ 'ನಿತ್ಯೋತ್ಸವ' (1978) ಧ್ವನಿಸುರುಳಿಯ ಜನಪ್ರಿಯತೆ ಆ ವಾದಕ್ಕೆ ಹೊಂದುತ್ತದೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಆರಂಭವಾಯಿತು; 2016ರಲ್ಲಿ ಜಿಯೊ, 2019ರಲ್ಲಿ ಸ್ಪಾಟಿಫೈ ಬಂದವು. ಇಷ್ಟರಲ್ಲಿ ವಿವಾದವಿಲ್ಲ. ಮ್ಯಾನ್ಯುಯಲರ ವಾದವನ್ನು ಆ್ಯಪ್‌ಗಳಿಗೂ ಹಿಗ್ಗಿಸಿ, ಕೇಳುಗ ತನ್ನಿಚ್ಛೆಯಿಂದಲೇ ರೇಡಿಯೊ ತೊರೆದನೆಂದು ತೀರ್ಮಾನಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದನ್ನು ಹಿಡಿಯಲು ಮೊಬೈಲಿಗೆ ಆಂಟೆನಾ ಬೇಕು; ಇಯರ್‌ಫೋನಿನ ತಂತಿಯೇ ಆ ಕೆಲಸ ಮಾಡುತ್ತಿತ್ತು. ಬ್ಲೂಟೂತ್ ಬಂದು ತಂತಿ ಹೋಯಿತು, ಎಷ್ಟೋ ಮಾದರಿಗಳಲ್ಲಿ ಜ್ಯಾಕೂ ಹೋಯಿತು. ಒಳಗೆ ಚಿಪ್ ಇದ್ದರೂ ಅದಕ್ಕೆ ಕಿವಿಯಿಲ್ಲ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಮೊಬೈಲ್ ತಯಾರಕರ ಸಂಘಗಳಿಗೆ ಸಲಹಾಪತ್ರ ಕಳಿಸಿ, ಎಫ್‌ಎಂ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬೇಡಿ, ಇಲ್ಲದ ಕಡೆ ಸೇರಿಸಿ ಎಂದಿತು. ನನ್ನ ವಾದಕ್ಕೆ ಮುಖ್ಯ ಆಧಾರ ಈ ಪತ್ರ. ಸೌಲಭ್ಯವನ್ನು ಕಿತ್ತದ್ದು ಕಾರ್ಖಾನೆ. ಕೇಳುಗನ ಅಭಿರುಚಿಯನ್ನು ಅಲ್ಲಿ ಯಾರೂ ವಿಚಾರಿಸಿರಲಿಲ್ಲ.

ಕಾರಿನ ಸ್ಟೀರಿಯೊದಲ್ಲಿ ರಿಸೀವರ್ ಉಳಿದಿದೆ. ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವ ಕಂಪನಿ ಕ್ಯಾಬ್‌ನಲ್ಲಿ ಸ್ಟೇಷನ್ ಹಾಕುವವನು ಚಾಲಕ, ಹಿಂದೆ ಕೂತವರು ಕೇಳುವವರು. ಇಂಥ ಕಡೆ ಒಬ್ಬ ಗ್ರಾಹಕನ ಆಯ್ಕೆಯೆಂಬ ಅಳತೆಗೋಲೇ ಸಾಲದು. ಅದೇ ಉದ್ಯೋಗಿ ಮೆಟ್ರೊ ಹತ್ತಿದರೆ ಕಿವಿಯಲ್ಲಿ ಉಳಿಯುವುದು ಆ್ಯಪ್ ಒಂದೇ. ಹಾಗಾಗಿ ಈ ವಲಯಗಳಲ್ಲಿ ರೇಡಿಯೊ ಕೇಳುವುದು ಕಡಿಮೆಯಾಗಿದ್ದರೆ, ಅದರ ಗಣನೀಯ ಪಾಲು ಅಭಿರುಚಿಗಿಂತ ಸಾಧನಕ್ಕೂ ಸಂಚಾರಕ್ಕೂ ಸೇರಿದ್ದೆಂಬುದು ನನ್ನ ಪ್ರತಿಪಾದನೆ. ಪೂರ್ತಿ ಪಾಲು ಎನ್ನುತ್ತಿಲ್ಲ. ಡೇಟಾ ಅಗ್ಗವಾಗದಿದ್ದರೆ ತಂತಿಯನ್ನು ಬಿಡುವುದು ಇಷ್ಟು ಸಲೀಸಾಗುತ್ತಿರಲಿಲ್ಲ. ಜಾಹೀರಾತಿನ ಕಾಟಕ್ಕೆ ಬೇಸತ್ತು ಎಫ್‌ಎಂ ಬಿಟ್ಟವರೂ ಇರಬೇಕು. ಚಿಪ್ ಇರುವ ಫೋನಿನಲ್ಲೂ ರೇಡಿಯೊ ಹಾಕದವರಿದ್ದರೆ ನನ್ನ ವಾದ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ. ವೃತ್ತಿವಾರು, ಪ್ರದೇಶವಾರು ಶ್ರವಣ ಸಮೀಕ್ಷೆಯಿಂದಲೇ ಇದು ಇತ್ಯರ್ಥವಾಗಬೇಕು.

ಅಂಥ ಸಮೀಕ್ಷೆಗೆ ನಮ್ಮ ಮೆಟ್ರೊ ಒಂದು ಚೌಕಟ್ಟು ಒದಗಿಸುತ್ತದೆ. ಪೀಣ್ಯಕ್ಕೆ ರೈಲು ಬಂದದ್ದು 2014ರ ಮಾರ್ಚ್‌ನಲ್ಲಿ, ಜಿಯೊಗಿಂತಲೂ ತಂತಿರಹಿತ ಇಯರ್‌ಬಡ್‌ಗಳ ಭರಾಟೆಗಿಂತಲೂ ಮೊದಲು. ವೈಟ್‌ಫೀಲ್ಡ್ ಮಾರ್ಗ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದವು. ಎರಡೂ ಆ ನಂತರದವು. ಮೂರೂ ಮಾರ್ಗಗಳ ಪ್ರಯಾಣಿಕರ ಶ್ರವಣಾಭ್ಯಾಸವನ್ನು ಹೋಲಿಸಿದರೆ ಸಾಧನ ಮತ್ತು ಸಂಚಾರದ ಪ್ರಭಾವಗಳನ್ನು ಸ್ವಲ್ಪಮಟ್ಟಿಗೆ ಬಿಡಿಸಿ ನೋಡಬಹುದು. ಪೀಣ್ಯದ ಯಂತ್ರಶಾಲೆಯ ಕಾರ್ಮಿಕನನ್ನೂ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂಬ ತೊಡಕು ಆಗಲೂ ಉಳಿಯುತ್ತದೆ.